ಕಣ್ಣಿನ ಸ್ಪಷ್ಟತೆ, ಯಂತ್ರದ ಮೌನ: ‘ಮಿಸ್ತ್ರಿಯ ಕೆಲಸ’ ಎನ್ನುವವರಿಗೆ

ಚಲನಚಿತ್ರದ ವಿಷಯವಾಗಿ ನಮ್ಮಲ್ಲಿ ಮಾತಿಗೆ ಬರವಿಲ್ಲ. ಕಥೆ ಹೇಗಿತ್ತು, ಹಾಡು ಎಷ್ಟಿದ್ದುವು, ನಾಯಕನ ಅಭಿನಯ ಎಂತಹುದು ಎಂಬುದನ್ನು ಕುರಿತು ಮನೆಯ ಜಗಲಿಯಲ್ಲಿಯೂ ಉಪಾಧ್ಯಾಯರ ಕೊಠಡಿಯಲ್ಲಿಯೂ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಆ ನಾಯಕನ ಕಣ್ಣು ತೆರೆಯ ಮೇಲೆ ಸ್ಫುಟವಾಗಿ ಕಂಡದ್ದು ಹೇಗೆ, ಅವನ ಪಿಸುಮಾತು ಯಂತ್ರದ ಸದ್ದಿನಲ್ಲಿ ಮುಳುಗದೆ ನಮ್ಮ ಕಿವಿಯನ್ನು ತಲುಪಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ, “ಅದೆಲ್ಲ ಮಿಸ್ತ್ರಿಯ ಕೆಲಸ, ಸಾಹಿತ್ಯದ ಪತ್ರಿಕೆಗೆ ಅದೇಕೆ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಇದು ಅಜ್ಞಾನದಿಂದ ಹುಟ್ಟಿದ ಉತ್ತರವೆಂಬುದು ಒಂದು. ಇದರಿಂದ ನಮ್ಮ ಮಾತಿಗೂ ನಮ್ಮ ಮಕ್ಕಳಿಗೂ ನಷ್ಟವಾಗಿದೆಯೆಂಬುದು ಮತ್ತೊಂದು. ಎರಡನ್ನೂ ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಫೋಕಸಿನ ಮಾತು. ಪೀನಮಸೂರದ ಸೂತ್ರವನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಬಾಯಿಪಾಠವಾಗಿ ಒಪ್ಪಿಸಬಲ್ಲರು. 50 ಮಿಲಿಮೀಟರ್ ಸಂಗಮದೂರದ ಮಸೂರವೊಂದನ್ನು ತೆಗೆದುಕೊಳ್ಳೋಣ. ನಟನು 3 ಮೀಟರ್ ದೂರದಲ್ಲಿ ನಿಂತಾಗ ಅವನ ಪ್ರತಿಬಿಂಬ ಮಸೂರದಿಂದ 50.85 ಮಿಲಿಮೀಟರ್ ಹಿಂದೆ ಮೂಡುತ್ತದೆ. ಅವನು ಒಂದೂವರೆ ಮೀಟರಿನಷ್ಟು ಹತ್ತಿರಕ್ಕೆ ನಡೆದು ಬಂದರೆ ಅದೇ ಪ್ರತಿಬಿಂಬ 51.72 ಮಿಲಿಮೀಟರಿಗೆ ಸರಿಯುತ್ತದೆ. ನಟನು ನಡೆದದ್ದು ಎರಡು ಹೆಜ್ಜೆ. ಮಸೂರ ಜರುಗಬೇಕಾದದ್ದು ಒಂದು ಮಿಲಿಮೀಟರಿಗೂ ಕಡಿಮೆ. ಇದರಲ್ಲಿ ತಪ್ಪಿಗೆ ಅವಕಾಶವೆಷ್ಟು? ಮಸೂರದ ಬಾಯಿಯನ್ನು ಎಫ್ 2ಕ್ಕೆ ತೆರೆದು, ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗದ ಮಸುಕನ್ನು ಕಣ್ಣು ಕ್ಷಮಿಸುವುದೆಂದು ಇಟ್ಟುಕೊಂಡರೂ, ಫಿಲ್ಮು ತನ್ನ ಸ್ಥಾನದಿಂದ ಹಿಂದಕ್ಕಾಗಲಿ ಮುಂದಕ್ಕಾಗಲಿ 0.05 ಮಿಲಿಮೀಟರಿಗಿಂತ ಹೆಚ್ಚು ಸರಿಯುವಂತಿಲ್ಲ. ತಲೆಗೂದಲಿನ ದಪ್ಪದಷ್ಟು ತಪ್ಪಿದರೆ ಮುಖ ಮಂಜಾಗುತ್ತದೆ.

ಇನ್ನು 100 ಮಿಲಿಮೀಟರಿನ ಮಸೂರವನ್ನು ಹಾಕಿ ಅದೇ 3 ಮೀಟರ್ ದೂರದ ಮುಖವನ್ನು ಹತ್ತಿರದಿಂದ ತೋರಿಸಿದರೆ, ಸ್ಪಷ್ಟವಾಗಿ ಕಾಣುವ ಪ್ರದೇಶದ ಆಳ ಒಟ್ಟು 9 ಸೆಂಟಿಮೀಟರ್, ಅಂದರೆ ಒಂದು ಅಂಗೈಯಗಲ ಮಾತ್ರ. ನಟಿ ದುಃಖದಿಂದ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಸಾಕು, ಕಣ್ಣು ಆ ಪ್ರದೇಶವನ್ನು ದಾಟಿ ಹೋಗುತ್ತದೆ. ಆಗ ಅವಳ ಜೊತೆಗೆ ಬಾಗುವವನು ಒಬ್ಬನುಂಟು. ಕ್ಯಾಮರಾದ ಪಕ್ಕದಲ್ಲಿ ನಿಂತು ಮಸೂರದ ಉಂಗುರವನ್ನು ತಿರುಗಿಸುವ ಫೋಕಸ್ ಪುಲ್ಲರ್ ಅವನು. ಫಿಲ್ಮಿನ ಕಾಲದಲ್ಲಿ ಅವನು ಕ್ಯಾಮರಾದೊಳಗೆ ನೋಡುತ್ತಿರಲಿಲ್ಲ. ಮೊದಲೇ ಟೇಪು ಹಿಡಿದು ಅಳೆದು, ನೆಲದ ಮೇಲೆ ಗುರುತು ಮಾಡಿ, ಆಮೇಲೆ ನಟರ ಉಸಿರಾಟವನ್ನೇ ನೋಡುತ್ತ ದೂರವನ್ನು ಊಹಿಸುತ್ತಿದ್ದನು. ಅವನ ಕೆಲಸ ಸರಿಯಾದರೆ ಅದು ಯಾರಿಗೂ ಕಾಣದು. ತಪ್ಪಿದರೆ ಮಾತ್ರ ಊರಿಗೆಲ್ಲ ಕಾಣುವುದು. ಇಂತಹ ಕೆಲಸವನ್ನು ಅಭಿನಯಕ್ಕಿಂತ ಕೀಳೆನ್ನುವವರು ಅಭಿನಯವನ್ನೂ ಅರಿಯರೆಂದೇ ಹೇಳಬೇಕಾಗುತ್ತದೆ.

1975ರಲ್ಲಿ ಬಂದ ಸ್ಟ್ಯಾನ್ಲಿ ಕುಬ್ರಿಕ್‌ರ ‘ಬ್ಯಾರಿ ಲಿಂಡನ್’ ಚಿತ್ರವನ್ನು ನೆನೆಯೋಣ. ಮೇಣದ ಬತ್ತಿಯ ಬೆಳಕಿನ ದೃಶ್ಯಗಳಿಗಾಗಿ ಅಲ್ಲಿ ಬಳಸಿದ್ದು ಝೈಸ್ ಸಂಸ್ಥೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆಗೆಂದು ಮಾಡಿದ್ದ, ಎಫ್ 0.7ರಷ್ಟು ದೊಡ್ಡ ಬಾಯಿಯ ಮಸೂರ. ಎರಡು ಮೀಟರ್ ದೂರದ ಮುಖಕ್ಕೆ ಆ ಮಸೂರ ಕೊಡುವ ಸ್ಪಷ್ಟತೆಯ ಆಳ ಐದಾರು ಸೆಂಟಿಮೀಟರ್. ಕ್ಯಾಮರಾದಲ್ಲಿ ಮಸೂರದ ಮೂಲಕವೇ ನೋಡುತ್ತ ಚಿತ್ರೀಕರಿಸುವ ಅನುಕೂಲವಿರಲಿಲ್ಲ. ಆದುದರಿಂದ ನಟರಿಗೆ ಅಡ್ಡವಾಗಿ, ಪಕ್ಕದಿಂದ, ಟೆಲಿವಿಷನ್ ಕ್ಯಾಮರಾ ಒಂದನ್ನು ನಿಲ್ಲಿಸಿ, ಅದರ ಪರದೆಯಲ್ಲಿ ದೂರದ ಗುರುತುಗಳನ್ನು ನೋಡಿಕೊಂಡು ಫೋಕಸ್ ಹಿಡಿದರು. ಆ ದೃಶ್ಯಗಳ ನಟರು ಬಹುಮಟ್ಟಿಗೆ ನಿಶ್ಚಲರಾಗಿ, ಚಿತ್ರಪಟದಲ್ಲಿ ಕುಳಿತವರಂತೆ ಇರುತ್ತಾರೆ. ಅದನ್ನು ಕಲೆಯೆಂದು ಮೆಚ್ಚುವವರು ಆ ಕಲೆಗೂ ಐದಾರು ಸೆಂಟಿಮೀಟರಿಗೂ ಇರುವ ನಂಟನ್ನು ಮರೆಯಬಾರದು.

ಈಗ ಸದ್ದಿನ ಮಾತು. ಕ್ಯಾಮರಾದಲ್ಲಿ ಫಿಲ್ಮು ನದಿಯಂತೆ ಹರಿಯುವುದಿಲ್ಲ. ಸೆಕೆಂಡಿಗೆ 24 ಸಲ ಒಂದು ಕೊಕ್ಕೆ ಅದರ ಅಂಚಿನ ರಂಧ್ರಕ್ಕೆ ಹೊಕ್ಕು, ಎಳೆದು, ನಿಲ್ಲಿಸಿ, ಹೊರಬರುತ್ತದೆ. ನಿಮಿಷಕ್ಕೆ 1440 ಸಲ ಓಟ, 1440 ಸಲ ನಿಲುಗಡೆ. ಇಷ್ಟು ಎಳೆದಾಟ ನಡೆದಲ್ಲಿ ಸದ್ದಾಗದಿರುವುದು ಹೇಗೆ? ಮೂಕಿಚಿತ್ರಗಳ ಕಾಲದಲ್ಲಿ ಅದರಿಂದ ಯಾರಿಗೂ ಬಾಧೆಯಿರಲಿಲ್ಲ. 1927ರಲ್ಲಿ ‘ದಿ ಜಾಝ್ ಸಿಂಗರ್’ ಬಂದು ಚಿತ್ರಗಳು ಮಾತಾಡತೊಡಗಿದಾಗ ಮೈಕ್ರೊಫೋನು ನಟಿಯ ಮಾತಿನೊಡನೆ ಯಂತ್ರದ ಕಟಕಟವನ್ನೂ ಕೇಳಿತು. ಆಗ ಹಾಲಿವುಡ್ಡಿನವರು ಕ್ಯಾಮರಾವನ್ನೂ ಅದನ್ನು ನಡೆಸುವವನನ್ನೂ ಗಾಜಿನ ಕಿಟಕಿಯ ಗೂಡಿನೊಳಗೆ ಕೂಡಿಹಾಕಿದರು. ಸದ್ದು ನಿಂತಿತು, ಅದರೊಡನೆ ಕ್ಯಾಮರಾದ ಕಾಲೂ ನಿಂತಿತು. ಮುಂದೆ ಮನುಷ್ಯನನ್ನು ಹೊರಗೆ ಬಿಟ್ಟು ಯಂತ್ರಕ್ಕೆ ಮಾತ್ರ ಕವಚ ತೊಡಿಸಿದರು. ಆ ಕವಚಕ್ಕೆ ಬ್ಲಿಂಪು ಎಂದು ಹೆಸರು. ಕವಚವನ್ನು ಮೈಯಲ್ಲೇ ಹೊತ್ತು 1934ರಲ್ಲಿ ಬಂದ ಮಿಚೆಲ್ ಬಿ.ಎನ್.ಸಿ. ಕ್ಯಾಮರಾದಿಂದಲೇ ಗ್ರೆಗ್ ಟೋಲಂಡ್ 1941ರ ‘ಸಿಟಿಜನ್ ಕೇನ್’ ಚಿತ್ರವನ್ನು ತೆಗೆದರು.

ಆದರೆ ಈ ಮೌನದ ಕ್ಯಾಮರಾಕ್ಕೆ ಒಂದು ಕೊರತೆಯಿತ್ತು. ಫೋಕಸ್ ನೋಡಬೇಕಾದರೆ ಅದರ ಒಡಲನ್ನು ಪಕ್ಕಕ್ಕೆ ಸರಿಸಿ ಮಸೂರದ ಹಿಂದೆ ಕಣ್ಣಿಡಬೇಕು. ಚಿತ್ರ ತೆಗೆಯುವಾಗ ಮತ್ತೆ ಸ್ವಸ್ಥಾನಕ್ಕೆ ತಂದು, ಪಕ್ಕದ ಬೇರೊಂದು ಕಿಂಡಿಯಿಂದ ನೋಡಬೇಕು. ಮಸೂರ ಕಾಣುತ್ತಿರುವುದೇ ಬೇರೆ, ಕಣ್ಣು ಕಾಣುತ್ತಿರುವುದೇ ಬೇರೆ. ಇತ್ತ ಜರ್ಮನಿಯಲ್ಲಿ 1937ರಲ್ಲಿ ಬಂದ ಆರಿಫ್ಲೆಕ್ಸ್ 35, ತಿರುಗುವ ಶಟರಿಗೆ ಓರೆಯಾಗಿ ಕನ್ನಡಿಯನ್ನೇ ಕೂಡಿಸಿ ಈ ಕೊರತೆಯನ್ನು ನೀಗಿತು. ಶಟರು ತೆರೆದಾಗ ಬೆಳಕು ಫಿಲ್ಮಿಗೆ. ಮುಚ್ಚಿದಾಗ ಅದೇ ಬೆಳಕು ಕನ್ನಡಿಯಿಂದ ಮರಳಿ ಮಸುಕುಗಾಜಿಗೆ, ಅಲ್ಲಿಂದ ಕಣ್ಣಿಗೆ. ಆದರೆ ಅದರ ಸದ್ದು ಜೋರು. ಬ್ಲಿಂಪಿನಲ್ಲಿಟ್ಟರೆ ಅದರ ಹಗುರತನವೇ ಹೋಗುತ್ತಿತ್ತು. ಹೀಗೆ ಹಲವು ದಶಕಗಳ ಕಾಲ, ಸುಮ್ಮನಿರುವ ಕ್ಯಾಮರಾಕ್ಕೆ ಕಣ್ಣಿರಲಿಲ್ಲ; ಕಣ್ಣಿದ್ದ ಕ್ಯಾಮರಾ ಸುಮ್ಮನಿರುತ್ತಿರಲಿಲ್ಲ.

ಇವೆರಡನ್ನೂ ಹೆಗಲ ಮೇಲೆ ಹೊರಬಲ್ಲ ಒಂದೇ ಯಂತ್ರದಲ್ಲಿ ಕೂಡಿಸುವ ಸಾಹಸದ ಫಲವಾಗಿ 1972ರಲ್ಲಿ ಆರಿಫ್ಲೆಕ್ಸ್ 35 ಬಿ.ಎಲ್. ಮತ್ತು ಪ್ಯಾನಾಫ್ಲೆಕ್ಸ್ ಕ್ಯಾಮರಾಗಳು ಬಂದುವು. ಇಲ್ಲಿರುವ ತೊಡಕನ್ನು ವಿದ್ಯಾರ್ಥಿಗಳು ಮನಸ್ಸಿಟ್ಟು ನೋಡಬೇಕು. ಸದ್ದು ಹೊರಗೆ ಬಾರದಿರಬೇಕಾದರೆ, ಕೊಕ್ಕೆ ಕುಣಿಯುವ ಭಾಗವನ್ನು ಹೊರಕವಚದಿಂದ ರಬ್ಬರಿನ ಮೂಲಕ ಬಿಡಿಸಿಡಬೇಕು. ಫೋಕಸ್ ನಿಲ್ಲಬೇಕಾದರೆ, ಮಸೂರಕ್ಕೂ ಫಿಲ್ಮಿಗೂ ನಡುವಣ ಅಂತರ ಒಂದು ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಅಲುಗದೆ ಇರಬೇಕು. ಮಸೂರವನ್ನು ಕವಚಕ್ಕೆ ಬಿಗಿದರೆ ಅಂತರ ಅಲುಗುತ್ತದೆ; ಒಳಗಿನ ಯಂತ್ರಕ್ಕೆ ಬಿಗಿದರೆ ಮಸೂರವೇ ತುತ್ತೂರಿಯಂತೆ ಸದ್ದನ್ನು ಹೊರಗೆ ಸಾರುತ್ತದೆ. ಮೊದಮೊದಲ 35 ಬಿ.ಎಲ್. ಕ್ಯಾಮರಾಗಳಲ್ಲಿ ಮಸೂರಕ್ಕೂ ಪ್ರತ್ಯೇಕ ಕವಚ ತೊಡಿಸಬೇಕಾಗಿ ಬಂದುದು ಇದಕ್ಕಾಗಿಯೇ. ಮಸೂರವನ್ನೂ ಫಿಲ್ಮಿನ ಗೇಟನ್ನೂ ಒಂದೇ ಅಸ್ಥಿಪಂಜರಕ್ಕೆ ಬಿಗಿದು, ಆ ಪಂಜರವನ್ನೇ ಕವಚದೊಳಗೆ ರಬ್ಬರಿನ ಆಧಾರದ ಮೇಲೆ ತೂಗಿಬಿಡುವುದು ಇದಕ್ಕೆ ಮುಂದೆ ದೊರೆತ ಪರಿಹಾರ. ಯಾವುದನ್ನು ಯಾವುದಕ್ಕೆ ಬಿಗಿಯಬೇಕು, ಯಾವುದನ್ನು ಯಾವುದರಿಂದ ಬಿಡಿಸಬೇಕು ಎಂಬ ವಿವೇಕವೇ ಇಲ್ಲಿನ ಸಾರ. ಇದು ಬುದ್ಧಿಯ ಕೆಲಸವಲ್ಲವೆಂದರೆ ಮತ್ತಾವುದು ಬುದ್ಧಿಯ ಕೆಲಸ?

“ಇಷ್ಟೆಲ್ಲ ತಾಪತ್ರಯವೇಕೆ? ಸದ್ದಾದರೆ ಆಗಲಿ, ಆಮೇಲೆ ಡಬ್ಬಿಂಗ್ ಮಾಡಿದರಾಯಿತು” ಎನ್ನುವವರುಂಟು. ನಮ್ಮ ದೇಶದ ಚಿತ್ರೋದ್ಯಮ ದಶಕಗಳ ಕಾಲ ನಡೆದದ್ದು ಈ ದಾರಿಯಲ್ಲೇ. ಆರಿಫ್ಲೆಕ್ಸ್ 2ಸಿ ಎಂಬ ಹಗುರವಾದ, ಗಟ್ಟಿಮುಟ್ಟಾದ, ಗದ್ದಲದ ಕ್ಯಾಮರಾ ಇಲ್ಲಿ ಮನೆಮಾತಾಯಿತು; ಸ್ಟುಡಿಯೋದಲ್ಲಿ ಮತ್ತೊಮ್ಮೆ ಮಾತಾಡಿಸುವುದು ರೂಢಿಯಾಯಿತು. ಇದರಲ್ಲಿ ಗುಣವಿಲ್ಲವೆಂದು ನಾವು ಹೇಳುವುದಿಲ್ಲ. ಕಡಮೆ ಖರ್ಚಿನಲ್ಲಿ ಬೆಟ್ಟಕ್ಕೂ ಬಯಲಿಗೂ ಹೋಗಿ ಚಿತ್ರ ತೆಗೆಯಲು ಅದರಿಂದ ಸಾಧ್ಯವಾಯಿತು. ಒಳ್ಳೆಯ ಚಿತ್ರಗಳೂ ಬಂದುವು. ಆದರೆ ತೆತ್ತ ಬೆಲೆಯನ್ನೂ ಹೇಳಬೇಕಲ್ಲವೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹೊಲದ ಬದುವಿನಲ್ಲಿ ಏದುಸಿರು ಬಿಡುತ್ತ ಆಡಿದ ಮಾತನ್ನು, ತಿಂಗಳುಗಳ ಮೇಲೆ, ತಂಪಾದ ಕೋಣೆಯಲ್ಲಿ, ತುಟಿಯ ಚಲನೆಗೆ ಹೊಂದಿಸಿ ಮತ್ತೆ ಆಡಿದರೆ ಅದು ಆ ಮಾತೇ ಆಗುವುದಿಲ್ಲ.

ಗಡಿಯಾಚೆಗಿರುವ ನಮಗೆ ಈ ನಷ್ಟ ಇನ್ನೂ ದೊಡ್ಡದು. ಕಾಸರಗೋಡಿನ ಕನ್ನಡದ ರಾಗ ಬೇರೆ, ಸೊಲ್ಲಾಪುರ ಅಕ್ಕಲಕೋಟೆಗಳ ಕನ್ನಡದ ಗತ್ತು ಬೇರೆ, ತಾಳವಾಡಿಯ ಕನ್ನಡದ ಎಳೆತ ಬೇರೆ. ಈ ಭೇದಗಳು ಬರವಣಿಗೆಗೆ ಪೂರ್ತಿ ಸಿಕ್ಕುವಂತಹವಲ್ಲ; ಆಡುವವನ ಬಾಯಿಯಿಂದ, ಆಡಿದ ಸ್ಥಳದಲ್ಲೇ ಹಿಡಿಯಬೇಕಾದಂತಹವು. ಡಬ್ಬಿಂಗಿನಲ್ಲಿ ಒಬ್ಬರ ಮುಖಕ್ಕೆ ಮತ್ತೊಬ್ಬರ ಕಂಠ ಅಂಟಿಸುವುದು ಸುಲಭ. ಹಾಗೆ ಅಂಟಿಸುವಾಗ ಮೊದಲು ಅಳಿಸಿಹೋಗುವುದು ಊರಿನ ಸೊಗಡು. 2001ರ ಹಿಂದೀ ಚಿತ್ರ ‘ಲಗಾನ್’ ಚಿತ್ರೀಕರಣದ ಸ್ಥಳದಲ್ಲೇ ಮಾತನ್ನು ಮುದ್ರಿಸಿದಾಗ ಅದು ಸುದ್ದಿಯಾಯಿತು. ಕನ್ನಡದಲ್ಲಿ 2015ರ ‘ತಿಥಿ’ ಮಂಡ್ಯ ಸೀಮೆಯ ಹಳ್ಳಿಗರನ್ನೇ ನಟರನ್ನಾಗಿ ಮಾಡಿ, ಅವರ ಮಾತನ್ನು ಅಲ್ಲಿಯೇ ಮುದ್ರಿಸಿಕೊಂಡಿತು. ಆ ಮುದುಕರ ಬೈಗುಳವನ್ನು ಸ್ಟುಡಿಯೋದಲ್ಲಿ ಮರಳಿ ಆಡಿಸಿದ್ದರೆ ಅದಕ್ಕೆ ಆ ಜೀವ ಬರುತ್ತಿತ್ತೆ? ಕ್ಯಾಮರಾದ ಮೌನವೆಂಬುದು ಯಂತ್ರದ ಶೋಕಿಯಲ್ಲ. ಬಡವನ ಮಾತಿಗೆ ಬಿಟ್ಟುಕೊಟ್ಟ ಜಾಗ ಅದು.

“ಈಗ ಎಲ್ಲ ಡಿಜಿಟಲ್ ಆಯಿತು, ಫಿಲ್ಮೂ ಇಲ್ಲ, ಕೊಕ್ಕೆಯೂ ಇಲ್ಲ, ಫೋಕಸನ್ನು ಯಂತ್ರವೇ ಹಿಡಿಯುತ್ತದೆ” ಎಂಬುದು ಕೊನೆಯ ಆಕ್ಷೇಪ. ಅರ್ಧ ನಿಜ. ಆದರೆ ಡಿಜಿಟಲ್ ಕ್ಯಾಮರಾಗಳಿಗೂ ಶಾಖವುಂಟು. ಶಾಖವಿದ್ದಲ್ಲಿ ಫ್ಯಾನು ಬೇಕು. ಫ್ಯಾನಿದ್ದಲ್ಲಿ ಸದ್ದು ಉಂಟು. ಫಿಲ್ಮಂತೂ ಸಂಪೂರ್ಣ ಹೋಗಿಲ್ಲ. 2023ರ ‘ಓಪನ್‌ಹೈಮರ್’ ಚಿತ್ರವನ್ನು ದೊಡ್ಡ ಫಿಲ್ಮಿನಲ್ಲೇ ತೆಗೆದರು. 35 ಮಿಲಿಮೀಟರಿನ ಫಿಲ್ಮಿನಲ್ಲಿ ಒಂದು ಚಿತ್ರಕ್ಕೆ ರೂಢಿಯಂತೆ 4 ರಂಧ್ರಗಳಷ್ಟು ಎಳೆದರೆ, ಐಮ್ಯಾಕ್ಸ್ ಕ್ಯಾಮರಾ 15 ರಂಧ್ರಗಳಷ್ಟು ಎಳೆಯುತ್ತದೆ. ಅದರ ಗದ್ದಲ ಹೆಸರಾದದ್ದು. ಆ ಚಿತ್ರದಲ್ಲಿ ಅದರೊಡನೆ ಪ್ಯಾನಾವಿಷನ್‌ನ 65 ಮಿಲಿಮೀಟರ್ ಕ್ಯಾಮರಾಗಳನ್ನೂ ಬಳಸಿದರು. ಇನ್ನು ಯಂತ್ರ ತಾನೇ ಫೋಕಸ್ ಹಿಡಿಯುವ ವಿಚಾರ. ಮುಖ ಎಲ್ಲಿದೆಯೆಂದು ಯಂತ್ರ ಹುಡುಕಬಲ್ಲುದು. ತಾಯಿ ಮಾತಾಡುವಾಗ ತಾಯಿಯನ್ನು ನೋಡಬೇಕೆ, ಕೇಳುತ್ತಿರುವ ಮಗಳನ್ನು ನೋಡಬೇಕೆ, ಯಾವ ಕ್ಷಣದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಸರಿಯಬೇಕು ಎಂಬುದನ್ನು ಕಥೆಯನ್ನು ಅರಿತವನೇ ನಿರ್ಣಯಿಸಬೇಕು. ಮಸೂರದ ನಿಯಮವಂತೂ ಡಿಜಿಟಲ್ಲಿಗಾಗಿ ಬದಲಾಗಲಿಲ್ಲ.

ಉಪಾಧ್ಯಾಯರಲ್ಲಿ ಈಗ ನಮ್ಮ ಬಿನ್ನಹ. ಕಾಸರಗೋಡಿನ ಕನ್ನಡ ಶಾಲೆಯ ಕಥೆಯನ್ನು ಹೇಳಿದ 2018ರ ಚಿತ್ರವನ್ನು ನಾವೆಲ್ಲ ಅಭಿಮಾನದಿಂದ ನೋಡಿದೆವು. ಅದನ್ನು ಕುರಿತು ಮಾತಾಡಿದಾಗ ಫೋಕಸ್ ಹಿಡಿದವರಾರು, ಮಾತು ಮುದ್ರಿಸಿದವರಾರು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು? ಕನ್ನಡದಲ್ಲಿ ಓದಿದವರಿಗೆ ಯಂತ್ರವಿದ್ಯೆ ದಕ್ಕದೆಂಬ ಅಪವಾದವನ್ನು ಹೊರಗಿನವರು ಹೊರಿಸಿದರೆ ಕೋಪಗೊಳ್ಳುವ ನಾವು, ಯಂತ್ರದ ಮಾತು ಬಂದಾಗ ಮುಖ ತಿರುಗಿಸಿ ಆ ಅಪವಾದಕ್ಕೆ ನಾವೇ ರುಜು ಹಾಕುತ್ತಿದ್ದೇವೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರೇ 1959ರಲ್ಲಿ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ಗೆ ಕ್ಯಾಮರಾ ಹಿಡಿದವರು, 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದು, ಆ ಗೌರವ ಕಂಡ ಮೊದಲ ಛಾಯಾಗ್ರಾಹಕರಾದರು. ನಮ್ಮ ತರಗತಿಗಳಲ್ಲಿ ಅವರ ಹೆಸರು ಎಷ್ಟು ಸಲ ಕೇಳಿಬಂದಿದೆ?

ಹೆಚ್ಚಿನದೇನನ್ನೂ ನಾವು ಬೇಡುವುದಿಲ್ಲ. ಒಂದು ಭೂತಗನ್ನಡಿ, ಒಂದು ಬಿಳಿಯ ಕಾಗದ, ಒಂದು ಮೇಣದ ಬತ್ತಿ ಸಾಕು. ಒಬ್ಬ ಹುಡುಗ ಬತ್ತಿಯನ್ನು ಹಿಡಿದು ಮೆಲ್ಲಗೆ ನಡೆಯಲಿ; ಇನ್ನೊಬ್ಬ ಹುಡುಗಿ ಕಾಗದದ ಮೇಲಿನ ಜ್ವಾಲೆ ಮಸುಕಾಗದಂತೆ ಕನ್ನಡಿಯನ್ನು ಸರಿಸುತ್ತ ಬರಲಿ. ಉಳಿದವರು ಸದ್ದಿಲ್ಲದೆ ನೋಡಲಿ. ಎರಡು ನಿಮಿಷದಲ್ಲಿ ಅವಳ ಕೈ ನಡುಗುವುದು, ಜ್ವಾಲೆ ತಪ್ಪಿಹೋಗುವುದು, ತರಗತಿ ನಗುವುದು. ಆಗ ಉಪಾಧ್ಯಾಯರು ಕರಿಹಲಗೆಯ ಮೇಲಿನ ಸೂತ್ರವನ್ನು ತೋರಿಸಲಿ. ಅಂದಿನಿಂದ ಆ ಮಕ್ಕಳು ಚಿತ್ರ ನೋಡುವಾಗ ನಾಯಕನ ಕಣ್ಣಿನ ಹಿಂದೆ ನಿಂತ ಇನ್ನೊಬ್ಬನ ಕೈಯನ್ನೂ ಕಾಣುವರು. ಅದನ್ನು ಕಂಡವರು ಮುಂದೆಂದೂ ‘ಮಿಸ್ತ್ರಿಯ ಕೆಲಸ’ ಎಂದು ಹಗುರವಾಗಿ ನುಡಿಯಲಾರರು.