ಮೆಟ್ಟಿಲೇರಿದರೆ ಏದುಸಿರು

ಚಳ್ಳಕೆರೆಯ ಸೋದರಿಯೊಬ್ಬರು ತಮ್ಮ ತಂಗಿಯ ವಿಷಯವಾಗಿ ಕಾಗದ ಬರೆದಿದ್ದಾರೆ. ಇಪ್ಪತ್ತೆಂಟು ವರ್ಷದ ಆಕೆಗೆ ಎರಡು ವರ್ಷಗಳಿಂದ ಮಹಡಿಯ ಮೆಟ್ಟಿಲೇರಿದರೆ ಏದುಸಿರು. ರಕ್ತಹೀನತೆಯೆಂದು ಟಾನಿಕ್ಕು ಕುಡಿದದ್ದಾಯಿತು. ಒಂದು ದಿನ ಕೊಡವೆತ್ತುವಾಗ ಮೂರ್ಛೆ ಬಂದಿತು. ಎಕೋ ಪರೀಕ್ಷೆಯಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದೆಯೆಂದು ತಿಳಿದು, ವೈದ್ಯರು ಸಿಲ್ಡೆನಾಫಿಲ್ ಮಾತ್ರೆ ಬರೆದುಕೊಟ್ಟರು. ಔಷಧದಂಗಡಿಯಲ್ಲಿ ಯಾರೋ, “ಇದು ಗಂಡಸರ ಮಾತ್ರೆಯಲ್ಲವೆ?” ಎಂದು ನಕ್ಕರಂತೆ. ಅಂದಿನಿಂದ ಅತ್ತೆಯವರು ಅದನ್ನು ಮನೆಗೆ ತರಗೊಡುತ್ತಿಲ್ಲ. ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ.

ಸೋದರಿ, ಮೊದಲು ಆ ನಗೆಗೆ ಉತ್ತರ. ಈ ಮಾತ್ರೆ ರಕ್ತನಾಳಗಳ ಬಿಗಿತವನ್ನು ಸಡಿಲಿಸುತ್ತದೆ. ಶ್ವಾಸಕೋಶದ ಈ ರೋಗಕ್ಕೆಂದೇ ಅಮೆರಿಕದಲ್ಲಿ 2005ರಲ್ಲಿ ಅದಕ್ಕೆ ಒಪ್ಪಿಗೆ ದೊರೆತಿದೆ. ಅದನ್ನು ಸೇವಿಸುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ವೈದ್ಯರನ್ನು ಕೇಳದೆ ನಿಲ್ಲಿಸುವುದೇ ಅಪಾಯ. ಇಂದೇ ಅವರಿಗೆ ತಿಳಿಸಿರಿ.

ತೋಳಿಗೆ ಪಟ್ಟಿ ಸುತ್ತಿ ಅಳೆಯುವ ರಕ್ತದೊತ್ತಡ ಬೇರೆ, ಇದು ಬೇರೆ. ಹೃದಯದ ಬಲಭಾಗವು ರಕ್ತವನ್ನು ಶ್ವಾಸಕೋಶಕ್ಕೆ ದೂಡುತ್ತದೆ. ಅಲ್ಲಿನ ಕಿರಿಯ ಅಪಧಮನಿಗಳ ಗೋಡೆ ದಪ್ಪವಾಗಿ ದಾರಿ ಕಿರಿದಾದರೆ, ಕೊಳವೆ ಕಟ್ಟಿಕೊಂಡ ಪಂಪಿನಂತೆ ಹೃದಯವು ಬಳಲುತ್ತದೆ. ಮೂರ್ಛೆ, ಕಾಲಿನ ಊತ ಆ ಬಳಲಿಕೆಯ ಗುರುತುಗಳು.

ಆದರೆ ಒತ್ತಡವೇರಲು ಕಾರಣಗಳು ಹಲವು. ಹುಟ್ಟಿನಿಂದ ಹೃದಯದಲ್ಲಿರುವ ರಂಧ್ರ, ಎಡಭಾಗದ ಕವಾಟದ ದೋಷ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತ, ಹೀಗೆ. ಕವಾಟ ಕೆಟ್ಟಿದ್ದರೆ ಅದನ್ನೇ ಸರಿಪಡಿಸಬೇಕು. ಹಳೆಯ ಹೆಪ್ಪನ್ನು ಹಲವರಲ್ಲಿ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಎಕೋ ಹೇಳುವುದು ಅಂದಾಜು. ಸಣ್ಣ ನಳಿಗೆಯನ್ನು ರಕ್ತನಾಳದ ಮೂಲಕ ಹೃದಯಕ್ಕೆ ಸೇರಿಸಿ ಅಳೆಯುವ ಕ್ಯಾತಿಟರ್ ಪರೀಕ್ಷೆಯಿಂದಲೇ ನಿಶ್ಚಯ. ಅಲ್ಲಿ ಸರಾಸರಿ ಒತ್ತಡವು 20 ಮಿಲಿಮೀಟರನ್ನು ಮೀರಿದರೆ ಅಧಿಕವೆಂದು ಲೆಕ್ಕ. ಈ ಪರೀಕ್ಷೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ನಡೆಯುತ್ತದೆ. ಸುಮಾರು 200 ಕಿಲೋಮೀಟರಿನ ಪ್ರಯಾಣವೆಂದು ಮುಂದೂಡಬೇಡಿ.

ಅಪಧಮನಿಗಳದೇ ರೋಗವೆಂದು ಖಚಿತವಾದರೆ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಮಾತ್ರೆಯ ಜೊತೆಗೆ ಬೊಸೆಂಟಾನ್ ಇಲ್ಲವೆ ಆಂಬ್ರಿಸೆಂಟಾನ್ ಕೊಡುವುದುಂಟು. ಬೊಸೆಂಟಾನ್ ಸೇವಿಸುವವರು ಆಗಾಗ ಯಕೃತ್ತಿನ ಪರೀಕ್ಷೆ ಮಾಡಿಸಬೇಕು. ಊತವಿದ್ದರೆ ಮೂತ್ರ ಹೆಚ್ಚಿಸುವ ಮಾತ್ರೆ, ಅಗತ್ಯವಿದ್ದರೆ ಆಮ್ಲಜನಕ. ಪರೀಕ್ಷೆಯ ವೇಳೆ ಔಷಧಕ್ಕೆ ನಾಳಗಳು ಚೆನ್ನಾಗಿ ಸಡಿಲಗೊಂಡ ಕೆಲವರಿಗೆ ಮಾತ್ರ ನಿಫೆಡಿಪಿನ್‌ನಂಥ ಮಾತ್ರೆಗಳು ಒಗ್ಗುತ್ತವೆ. ಉಳಿದವರಿಗೆ ಅವು ಕೇಡು ಮಾಡಬಹುದು. ಸೊಟಾಟರ್ಸೆಪ್ಟ್ ಎಂಬ ಚುಚ್ಚುಮದ್ದಿಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾಯಿತು. ಯಾವುದೂ ಫಲಿಸದಿದ್ದರೆ ಶ್ವಾಸಕೋಶದ ಕಸಿ. ಔಷಧಗಳಿಂದ ರೋಗವು ಬೇರುಸಹಿತ ಹೋಗದು. ಆದರೆ ಉಸಿರು ಹಗುರಾಗಿ, ರೋಗದ ಮುನ್ನಡೆ ನಿಧಾನವಾಗುತ್ತದೆ.

ಎರಡು ಎಚ್ಚರಿಕೆಗಳು. ಎದೆನೋವಿಗೆ ನಾಲಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆಯನ್ನು ಸಿಲ್ಡೆನಾಫಿಲ್ ಸೇವಿಸುವವರಿಗೆ ಕೊಡಲೇಬಾರದು. ಇನ್ನು, ಈ ರೋಗದಲ್ಲಿ ಬಸಿರು ತಾಯಿಯ ಪ್ರಾಣಕ್ಕೇ ಸಂಚಕಾರ. ಬೊಸೆಂಟಾನಿನಂಥ ಔಷಧಗಳು ಗರ್ಭಸ್ಥ ಶಿಶುವಿಗೂ ಹಾನಿಕರ. ಮಗುವಿನಿಂದ ಸರಿಹೋಗುವ ಕಾಯಿಲೆ ಇದಲ್ಲ.

ಈ ಮಾತನ್ನು ಅತ್ತೆಯವರೊಡನೆ ವಾದಿಸಬೇಡಿ. ಮುಂದಿನ ಸಲ ಅವರನ್ನೂ, ತಂಗಿಯ ಯಜಮಾನರನ್ನೂ ವೈದ್ಯರ ಬಳಿಗೆ ಕರೆದೊಯ್ಯಿರಿ. ಅವರಿಗೂ ಸೊಸೆ ಬೇಕಾದವಳೇ. ಯಾರೂ ಕುಳ್ಳಿರಿಸಿ ತಿಳಿಯಹೇಳಿಲ್ಲ, ಅಷ್ಟೆ.