ಹಳಿಯ ಮೇಲೆ ಯಾರೂ ಇಲ್ಲವೇ?

ಕಳೆದ ವರ್ಷ ನಮ್ಮ ಶಾಲೆಯ ಪ್ರದರ್ಶನದಲ್ಲಿ ಎಂಟನೆಯ ಇಯತ್ತೆಯ ಬಾಲಕರು ರೈಲುಮಾರ್ಗದ ಪ್ರತಿಕೃತಿಯೊಂದನ್ನು ರಚಿಸಿದ್ದರು. ಹಿಮ ಹೊದ್ದ ಗಿರಿಶಿಖರಗಳು, ಮೊನಚಾದ ಪೈನ್ ಮರಗಳು, ಕೆಂಪು ಮಾಡಿನ ಪುಟ್ಟ ಮನೆಗಳು, ನಡುವೆ ಥಳಥಳಿಸುವ ಗಾಡಿ. ನೋಡಿದವರೆಲ್ಲ ಕೊಂಡಾಡಿದರು, ಶಿಕ್ಷಕರಾದ ನಾವೂ ತಲೆದೂಗಿ ಬಹುಮಾನ ಕೊಟ್ಟೆವು. ಆದರೆ ಐದನೆಯ ಇಯತ್ತೆಯ ಹುಡುಗನೊಬ್ಬನು ಬಹಳ ಹೊತ್ತು ಅದನ್ನು ದಿಟ್ಟಿಸಿ, "ಗುರುಗಳ, ಹಳಿ ಮ್ಯಾಲ ಯಾರೂ ಇಲ್ಲಲ್ರೀ?" ಎಂದು ಕೇಳಿದನು. ಅವನ ತಂದೆ ಹಳಿ ದುರಸ್ತಿಯ ಗ್ಯಾಂಗಿನಲ್ಲಿ ದುಡಿಯುವವರು. ನಮ್ಮಲ್ಲಿ ಉತ್ತರವಿರಲಿಲ್ಲ.

ವಿದ್ಯಾರ್ಥಿಗಳೇ, ಆ ಪ್ರಶ್ನೆಯು ವರ್ಷವಿಡೀ ನಮ್ಮನ್ನು ಕಾಡಿದೆ. ತಪ್ಪು ಬಾಲಕರದಲ್ಲ, ಮೆಚ್ಚಿದ ನಮ್ಮದು. ಪ್ರತಿಕೃತಿಯೆಂದರೆ ಕೇವಲ ಆಟಿಕೆಯಲ್ಲ. ಇದ್ದುದನ್ನು ಇದ್ದಂತೆ ಕಂಡೆವೆಂಬುದಕ್ಕೆ ನಮ್ಮ ಕೈಗಳು ನುಡಿಯುವ ಸಾಕ್ಷಿ. ಕಾಣದ ದೇಶದ ಹಿಮವನ್ನು ಚಿತ್ರದಿಂದ ನಕಲು ಮಾಡುವುದಕ್ಕಿಂತ, ಕಂಡ ಘಟ್ಟವೊಂದನ್ನು ಕಟ್ಟುವುದು ಮೇಲೆಂದು ನಮ್ಮ ಅಭಿಪ್ರಾಯ.

ಊರಿಗೆ ಹೋಗುವಾಗ ನಿಮ್ಮಲ್ಲಿ ಅನೇಕರು ಬೋರಘಾಟವನ್ನು ಏರಿರುವಿರಿ. ಕರ್ಜತ್ ನಿಲ್ದಾಣದಲ್ಲಿ ಗಾಡಿಯ ಹಿಂದೆ ಬೇರೆ ಎಂಜಿನುಗಳನ್ನು ಜೋಡಿಸುವುದೇಕೆಂದು ಎಂದಾದರೂ ಯೋಚಿಸಿದ್ದೀರಾ? ಅಲ್ಲಿಂದ ಮುಂದಿನ ಏರು ಕೆಲವೆಡೆ 37ಕ್ಕೆ 1; ಎಂದರೆ 37 ಅಡಿ ಸಾಗುವಷ್ಟರಲ್ಲಿ 1 ಅಡಿ ಮೇಲೇರಬೇಕು. ಹಿಂದಿನಿಂದ ತಳ್ಳುವವರಿಲ್ಲದೆ ಭಾರವಾದ ಗಾಡಿ ಹತ್ತಲಾರದು. ಪ್ರತಿಕೃತಿಯಲ್ಲಿಯೂ ಇದೇ ಲೆಕ್ಕವನ್ನು ಹಿಡಿದರೆ, ಮಾರ್ಗವನ್ನು 8 ಸೆಂ.ಮೀ. ಎತ್ತರಿಸಲು ಸುಮಾರು 3 ಮೀಟರ್ ಉದ್ದ ಬೇಕು. ಗಣಿತದ ಪುಸ್ತಕದಲ್ಲಿ ನೀರಸವೆನಿಸುವ ಪ್ರಮಾಣವು ಇಲ್ಲಿ ಹೇಗೆ ಜೀವ ತಳೆಯುವುದೋ ನೋಡಿರಿ!

ಇಂಥ ಪ್ರತಿಕೃತಿಗಳಲ್ಲಿ ಬಹುವಾಗಿ ಬಳಸುವ ಪ್ರಮಾಣ 87ಕ್ಕೆ 1. ಅಂಗಡಿಯಲ್ಲಿ ದೊರೆಯುವ 16.5 ಮಿ.ಮೀ. ಅಗಲದ ಹಳಿಯು ಈ ಪ್ರಮಾಣದಲ್ಲಿ ಹೊರದೇಶಗಳ 1435 ಮಿ.ಮೀ. ಮಾರ್ಗಕ್ಕೆ ಸರಿಹೊಂದುವುದು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಅದಕ್ಕೆ 19 ಮಿ.ಮೀ.ಗಿಂತ ತುಸು ಹೆಚ್ಚು ಬೇಕು. ಆದುದರಿಂದ ಹಳಿಯನ್ನು ನಾವೇ ಅಳೆದು ಮಾಡಿಕೊಳ್ಳುವುದು ಒಳ್ಳೆಯದು. ಕರ್ಜತ್ತಿನಿಂದ ಲೋಣಾವಳಾದವರೆಗಿನ ಸುಮಾರು 28 ಕಿ.ಮೀ. ದಾರಿಯು ಈ ಪ್ರಮಾಣದಲ್ಲಿ 300 ಮೀಟರಿಗೂ ಮಿಕ್ಕುವುದರಿಂದ ಎಲ್ಲವನ್ನೂ ಕಟ್ಟಲಾಗದು. ಒಂದು ಸುರಂಗ, ಒಂದು ಸೇತುವೆ, ಒಂದು ತಿರುವು ಸಾಕು. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೇ ಈ ಕಲೆಯ ಅರ್ಧ ಭಾಗ.

ಉಳಿದರ್ಧ, ಸೂಕ್ಷ್ಮವಾದ ನೋಟ. ಹಳಿಯ ಮೇಲ್ಮೈ ಗಾಲಿ ಉಜ್ಜಿ ಹೊಳೆಯುವುದು, ಪಕ್ಕಗಳು ತುಕ್ಕು ಹಿಡಿದು ಕಂದಾಗಿರುವುವು. ಶ್ರಾವಣದಲ್ಲಿ ಹಸುರು ಉಕ್ಕುವ ಘಟ್ಟವು ಚೈತ್ರದಲ್ಲಿ ಒಣಗಿ ನಿಂತಿರುವುದು. ಆದ್ದರಿಂದ ಮೊದಲು ಋತುವನ್ನು ಗೊತ್ತುಪಡಿಸಿಕೊಳ್ಳಬೇಕು. ಇದಕ್ಕೆ ಹಣವೂ ಹೆಚ್ಚು ಬೇಡ. ಬೆಟ್ಟಕ್ಕೆ ಹಳೆಯ ವರ್ತಮಾನಪತ್ರಿಕೆ ಮತ್ತು ಅಂಟು, ಮಣ್ಣಿಗೆ ಒಣಗಿಸಿದ ಚಹದ ಚರಟ, ಹುಲ್ಲಿಗೆ ಬಣ್ಣ ಹಚ್ಚಿದ ಮರದ ಹೊಟ್ಟು, ಹಳಿಯಡಿಯ ಜಲ್ಲಿಗೆ ಜರಡಿ ಹಿಡಿದ ಕಲ್ಲುಪುಡಿ. ಅಂಟಿಗೆ ನೀರನ್ನೂ ಒಂದು ಹನಿ ಸಾಬೂನು ದ್ರಾವಣವನ್ನೂ ಬೆರೆಸಿದರೆ ಅದು ಕಲ್ಲುಪುಡಿಯ ಸಂದುಗೊಂದುಗಳಿಗೆ ಇಳಿದು ಗಟ್ಟಿಯಾಗುವುದು.

"ಮಸಿ, ತುಕ್ಕುಗಳನ್ನು ತೋರಿಸಿದರೆ ಅಂದಗೆಡುವುದಿಲ್ಲವೇ?" ಎಂದು ಕೆಲವರು ಆಕ್ಷೇಪಿಸಬಹುದು. ಸತ್ಯದಿಂದ ಅಂದಗೆಡದು. 1925ರಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬ ತರುಣರು, ಅಲ್ಲಿಯ ಕಣಿವೆಯೊಂದರ ಹಳೆಯ ಹಳ್ಳಿಮನೆಗಳು ರೂಪಗೆಡುತ್ತಿರುವುದನ್ನು ಕಂಡು ಮರುಗಿ, ಅವುಗಳನ್ನು ಇದ್ದಂತೆಯೇ ಪ್ರತಿಕೃತಿಗಳಲ್ಲಿ ಉಳಿಸಲು ತೊಡಗಿದರು. 1954ರಲ್ಲಿ ಅವರು ಸ್ಥಾಪಿಸಿದ ಪೆಂಡನ್ ಸಂಗ್ರಹಾಲಯದಲ್ಲಿ ಆ ಹಳ್ಳಿಗಳನ್ನೂ ರೈಲುಮಾರ್ಗವನ್ನೂ ಕಾಣಬಹುದು. ಪರಸ್ಥಳದಿಂದ ಬಂದವರ ಕಣ್ಣಿಗೂ ಇಂಥ ಪ್ರೀತಿ ಸಾಧ್ಯವೆಂಬುದು, ಪರಸ್ಥಳದಲ್ಲಿ ಬಾಳುವ ನಮಗೆ ಪಾಠವಾಗಬೇಕು.

ಇನ್ನು ಆ ಹುಡುಗನ ಪ್ರಶ್ನೆ. ಬೋರಘಾಟದ ಕೆಲಸ 1856ರಲ್ಲಿ ಆರಂಭವಾಗಿ 1863ರಲ್ಲಿ ಮುಗಿಯಿತು. 25 ಸುರಂಗಗಳನ್ನು ಕೊರೆಯಬೇಕಾಯಿತು. ಇಂಜಿನಿಯರ್ ಬರ್ಕ್ಲಿಯವರ ಹೆಸರು ಇತಿಹಾಸದಲ್ಲಿ ಉಳಿಯಿತು. ಬಂಡೆ ಒಡೆದ, ಕಾಲರಾ ರೋಗಕ್ಕೆ ತುತ್ತಾದ ಸಾವಿರಾರು ಕೂಲಿಕಾರರ ಹೆಸರುಗಳು ಉಳಿಯಲಿಲ್ಲ. ಇಂದಿಗೂ ಮಳೆಗಾಲದ ರಾತ್ರಿಗಳಲ್ಲಿ ಕೈದೀಪ ಹಿಡಿದು ಹಳಿಯ ಗುಂಟ ನಡೆಯುವವರಿಂದಲೇ ನಾವು ಕ್ಷೇಮವಾಗಿ ಊರು ಸೇರುತ್ತೇವೆ. ಪ್ರತಿಕೃತಿಯಲ್ಲಿ ಅಂಥ ಒಬ್ಬರ ಎತ್ತರ ಸುಮಾರು 19 ಮಿ.ಮೀ.; ಹೆಚ್ಚುಕಡಿಮೆ ಹಳಿಗಳ ನಡುವಿನ ಅಗಲದಷ್ಟೇ! ಒಂದು ತುಂಡು ತಂತಿ, ಚಿಟಿಕೆ ಜೇಡಿಮಣ್ಣು ಸಾಕು.

ಈ ವರ್ಷ ನೀವು ಘಟ್ಟವನ್ನು ಕಟ್ಟಿರಿ. ಮೊದಲು ಆ ಮನುಷ್ಯನನ್ನು ಮಾಡಿ ಹಳಿಯ ಪಕ್ಕದಲ್ಲಿ ನಿಲ್ಲಿಸಿರಿ. ಅವನ ಅಳತೆಗೆ ಉಳಿದುದೆಲ್ಲ ಹೊಂದಿಕೊಳ್ಳಲಿ. ಆ ಹುಡುಗನು ಈಗ ಆರನೆಯ ಇಯತ್ತೆಯಲ್ಲಿದ್ದಾನೆ. ಕೆಲಸವನ್ನು ಅವನ ಕೈಯಿಂದಲೇ ಆರಂಭಿಸಿದರೆ ನಮಗೆ ಸಂತೋಷ.