‘ಇವತ್ತೊಂದಿನ ನಡೀಲಿ’ ಅನ್ನವ್ರಿಗೆ

ಟ್ರ್ಯಾಕ್ಟರಿನ ಲೋಡರಿನ್ಯಾಗ ಹೈಡ್ರಾಲಿಕ್ ಪೈಪು ಕೂಡೂ ಕಡೆ ಒಂದು ಫಿಟ್ಟಿಂಗ್ ಒಡೀತಂದ್ರ ನಮ್ಮ ಓಣಿಯ ಗಂಡಸರ ಬಾಯಾಗ ಬರೂದು ಒಂದ ಮಾತು: ‘ಇವತ್ತೊಂದಿನ ನಡೀಲಿ.’ ತಿಪ್ಪಿ ಅರ್ಧ ಖಾಲಿ ಆಗೇತಿ, ಮಳಿ ಮುಂದ ನಿಂತೈತಿ, ಏನರ ಸುತ್ತಿ, ಏನರ ಮೆತ್ತಿ ಗೊಬ್ಬರ ಹೇರಿ ಮುಗಸೂಣು ಅಂತಾರ. ಈ ಮಾತಿಗೆ ನನ್ನ ಪೂರಾ ವಿರೋಧ ಐತಿ. ಅಕ್ಕಾರ, ವೈನಿ, ನೆಗೆಣ್ಣಿಯರ, ನೀವೂ ವಿರೋಧ ಮಾಡ್ರಿ ಅಂತನ ಇದನ್ನ ಬರಿಯಾಕತ್ತೇನಿ.

‘ನಿಮಗ್ಯಾಕ ಬೇಕು ಗ್ಯಾರೇಜಿನ ಉಸಾಬರಿ, ರೊಟ್ಟಿ ಬಡೀರಿ’ ಅಂತಾರ. ರೊಟ್ಟಿ ಬಡೀತೇವಿ ಬಿಡ್ರಿ. ಆದ್ರ ಎಣ್ಣಿ ಬಳಕೊಂಡ ಅಂಗಿ ಒಗಿಯವ್ರು ಯಾರು? ಪೆಟ್ಟಾದ್ರ ರಾತ್ರಿಯಿಡೀ ದವಾಖಾನಿಯೊಳಗ ಕುಂದ್ರವ್ರು ಯಾರು? ಮತ್ತ ಇದೇನು ನಮಗ ತಿಳೀಲಾರದ ವಿದ್ಯೆ ಅಲ್ಲ. ಮುಚ್ಚಿದ ಜಾಗಾದಾಗಿನ ನೀರಿಗೋ ಎಣ್ಣಿಗೋ ಒಂದ ಕಡೆ ಒತ್ತಿದ್ರ ಆ ಒತ್ತಡ ಎಲ್ಲಾ ಕಡೆ ಸಮನಾಗಿ ಹರಡತೈತಿ ಅಂತ ಪಿಯುಸಿಯೊಳಗ ಪಾಸ್ಕಲ್‌ನ ನಿಯಮ ಓದೇನಿ. ಲೋಡರ್ ನಡಿಯೂದು ಅದರ ಮ್ಯಾಲೆನ.

ಲೆಕ್ಕಾ ಕೇಳ್ರಿ. ಕುಕ್ಕರ್ ಸೀಟಿ ಹೊಡಿಯೂ ಮುಂದ ಒಳಗಿನ ಒತ್ತಡ ಹೊರಗಿನಕಿಂತ ಸುಮಾರು 1 ಬಾರ್ ಹೆಚ್ಚಿರತೈತಿ. ಲೋಡರಿನ ಪೈಪಿನ್ಯಾಗ ಅದು 150, ಕೆಲವೊಂದರಾಗ 200 ಬಾರ್ ತನಕ ಏರತೈತಿ. ಗ್ಯಾಸ್ಕೆಟ್ ಹರದ ಕುಕ್ಕರಿಗೆ ಅರಿವಿ ಸುತ್ತಿ ಯಾರರ ಒಲಿ ಮ್ಯಾಲೆ ಇಡ್ತೀರೇನು? ಅದರ ನೂರೈವತ್ತು ಪಟ್ಟು ಒತ್ತಡಕ್ಕ ಟೇಪ್ ಸುತ್ತವ್ರನ್ನ ಶಾಣ್ಯಾ ಅಂತೀವಿ!

ನನಗ ಸಿಟ್ಟು ಬರೂದು ಮುಂದಿನ ಮಾತಿಗೆ. ಎಲ್ಲಿ ಸೋರತೈತಿ ನೋಡಾಕ ಎಂಜಿನ್ ಚಾಲೂ ಇಟ್ಟು, ‘ಏ ತಮ್ಮಾ, ಅಲ್ಲಿ ಕೈ ಇಟ್ಟು ನೋಡು’ ಅಂತ ಆಳಿನ ಹುಡುಗಗ ಹೇಳ್ತಾರ. ಮನಿ ಮಗಗ ಹೇಳೂದಿಲ್ಲ, ನೋಡೀರೇನು? ಸಣ್ಣ ತೂತಿನಿಂದ ಬರೂ ಎಣ್ಣಿ ಧಾರಿ ಸೂಜಿ ಇದ್ದಂಗ, ಕಣ್ಣಿಗೆ ಕಾಣೂದನೂ ಇಲ್ಲ, ಚರ್ಮ ತೂರಿ ಒಳಗ ಹೋಗತೈತಿ. ಹೊರಗ ಬರೇ ಮುಳ್ಳು ಚುಚ್ಚಿದಷ್ಟು ಗುರುತು, ಮೊದಲಿಗೆ ನೋವೂ ಅಷ್ಟಿರೂದಿಲ್ಲ. ಆದ್ರ ಒಳಗ ಎಣ್ಣಿ ಹರಡಿ ಮಾಂಸ ಸಾಯತೈತಿ. ತಡಾ ಆದ್ರ ಬೆರಳು ತಗಿಯೂ ಪಾಳಿ ಬರತೈತಿ. ಅರಿಷಿಣ ಮೆತ್ತಿ, ನಾಳೆ ನೋಡೂಣು ಅನ್ನೂ ಗಾಯ ಅಲ್ಲ ಅದು. ತಾಸು ಕಳೀದ ಹಂಗ ಶಸ್ತ್ರಚಿಕಿತ್ಸಾ ಮಾಡೂ ದೊಡ್ಡ ದವಾಖಾನಿಗೆ ಒಯ್ದು, ‘ಪ್ರೆಶರ್ ಎಣ್ಣಿ ಒಳಗ ಹೊಕ್ಕೈತಿ’ ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ರ ಡಾಕ್ಟರಿಗೂ ಮುಳ್ಳು ಚುಚ್ಚಿದಂಗ ಕಾಣಬಹುದು. ಸೋರೂದು ನೋಡಬೇಕಂದ್ರ ಉದ್ದ ರಟ್ಟಿನ ತುಂಡು ಹಿಡೀರಿ, ಎಣ್ಣಿ ರಟ್ಟಿಗೆ ಬೀಳತೈತಿ.

ಇನ್ನ ಈ ಮೆತ್ತೂ ಕೆಲಸ. ಎಂ-ಸೀಲ್ ಕೊಡಕ್ಕ, ತೊಟ್ಟಿಗೆ ಛಲೋ, ಇದಕ್ಕಲ್ಲ. ನಳಕ್ಕ ಸುತ್ತೂ ಬಿಳಿ ಟೇಪೂ ಅಲ್ಲ. ಓ-ರಿಂಗ್ ಇಲ್ಲಾ ವಾಷರ್ ಇರೂ ಫಿಟ್ಟಿಂಗಿನ್ಯಾಗ ಎಣ್ಣಿ ತಡಿಯೂದು ಆ ರಿಂಗು, ಹಲ್ಲಲ್ಲ. ಟೇಪಿನ ಚೂರು ಒಳಗ ಹೋಗಿ ವಾಲ್ವಿನ್ಯಾಗ ಸಿಗತೈತಿ, ನೂರರ ಕೆಲಸ ಸಾವಿರಕ್ಕ ಹೋಗತೈತಿ. ವೆಲ್ಡಿಂಗ್ ಮಾಡಸ್ತೇನಿ ಅನ್ನವ್ರು ಇನ್ನೂ ಒಂದು ಹೆಜ್ಜಿ ಮುಂದ. ಎಣ್ಣಿ ಬಳದ ಕಬ್ಬಣಕ್ಕ ಬೆಂಕಿ ಹಿಡಿದ್ರ ಬಾಜೂ ರಬ್ಬರ್ ಪೈಪ್ ಸುಡತೈತಿ, ಬೆಸಗಿ ಮತ್ತ ಬಿಟ್ಟಿತಂದ್ರ ಎತ್ತಿದ ಬಕೆಟ್ ಧೊಪ್ಪಂತ ಕೆಳಗ. ಕೆಳಗ ಯಾರಿರ್ತಾರ? ಮತ್ತ ಅದ ಹುಡುಗ.

ಸರಿಯಾಗಿ ಬದಲಿಸೂದು ದೊಡ್ಡ ಪವಾಡ ಏನಲ್ಲ. ಬಕೆಟ್ ಪೂರಾ ನೆಲಕ್ಕ ಇಳಸಬೇಕು. ಎಂಜಿನ್ ಬಂದ್ ಮಾಡಿ, ಲಿವರ್ ಆ ಕಡೆ ಈ ಕಡೆ ನಾಕ ಸಲ ಆಡಿಸಿ ಉಳದ ಒತ್ತಡ ಬಿಡಬೇಕು. ಬಿಚ್ಚೂಕಿಂತ ಮೊದಲು ಸುತ್ತಲಿನ ಮಣ್ಣು, ಸಗಣಿ ಬ್ರಷ್ ಹಚ್ಚಿ ತಿಕ್ಕಬೇಕು. ಇಲ್ಲಿ ಗಂಡಸರಿಗೆ ಕಸಬರಿಗಿ ಅಲರ್ಜಿ ಇದ್ದಂಗ ಐತಿ, ಆದ್ರ ಒಂದು ಚಿಟಿಕಿ ಉಸುಕು ಒಳಗ ಹೋದ್ರ ಪಂಪಿಗೆ ಹಾನಿ. ಬಿಚ್ಚಿದ ಬಾಯಿ ತೆರದು ಬಿಡಬಾರದು, ಸ್ವಚ್ಛ ಬಿರಡಿ ಹಾಕಬೇಕು.

ಅಂಗಡಿಗೆ ಬರಿಗೈಲೆ ಹೋಗಬಾರದು, ಒಡದ ತುಂಡು ಒಯ್ಯಬೇಕು. ಮೆಟ್ರಿಕ್ 16 ಮಿಲಿಮೀಟರ್ ಹಲ್ಲೂ, ಬಿಎಸ್‌ಪಿ ಅನ್ನೂ ಇಂಚಿನ ಲೆಕ್ಕದ 3/8ರ ಹಲ್ಲೂ ಕಣ್ಣಿಗೆ ಅಕ್ಕ-ತಂಗಿ ಇದ್ದಂಗ, ಆದ್ರ ಒಂದರ ಜಾಗಾದಾಗ ಇನ್ನೊಂದು ನಿಲ್ಲೂದಿಲ್ಲ. ಪೇಟ್ಯಾಗ ಒಬ್ಬ ಅಂಗಡಿಯವ ‘ಎಲ್ಲಾ ಒಂದ ರೀ, ಜಗ್ಗಿ ತಿರುವ್ರಿ’ ಅಂತ ತಪ್ಪು ಅಳತಿದು ಕೊಟ್ಟು ಕಳಿಸಿದ್ದ. ನಮ್ಮ ಮನಿಯವರು ಸುಮ್ಮನ ತಂದ್ರು. ಕೈಲೆ ತಿರುವಿದ್ರ ಗಡಗಡ ಅಲ್ಲಾಡಿತು. ನಾನ ತಿರುಗಿ ಕಳಿಸಿ ಬದಲಿಸ್ಕೊಂಡು ಬಾ ಅಂತ ಹಟಾ ಹಿಡದೆ. ಜಗ್ಗಿ ತಿರುವೂದಂದ್ರ ಸಿಲಿಂಡರಿನ ಹಲ್ಲೂ ಹಾಳ ಮಾಡ್ಕೊಳ್ಳೂದು.

ಹೊಸಾ ಓ-ರಿಂಗಿಗೆ ಎಣ್ಣಿ ಸವರಿ, ಮೊದಲ ಬೆರಳಲೆ ಕೂಡಿಸಬೇಕು. ಆಮ್ಯಾಲೆ ಒಂದು ಪಾನಾ ಫಿಟ್ಟಿಂಗಿಗೆ, ಇನ್ನೊಂದು ಪಾನಾ ನಟ್ಟಿಗೆ. ಒಂದ ಪಾನಾದಿಂದ ತಿರುವಿದ್ರ ಪೈಪು ಹೊಸಕತೈತಿ. ಪೈಪಿನ ಮ್ಯಾಲಿನ ಅಕ್ಷರದ ಸಾಲು ನೆಟ್ಟಗಿದ್ರ ತಿರಚಿಲ್ಲ ಅಂತ ಗೊತ್ತು. ಬಕೆಟ್ ಸಾವಕಾಶ ಏಳೆಂಟು ಸಲ ಏರಿಸಿ ಇಳಿಸಿ ಗಾಳಿ ಬಿಡಿಸಿ, ಎಣ್ಣಿ ಕಡಿಮಿ ಇದ್ರ ಹಾಕಬೇಕು. ಅಷ್ಟೊತ್ತೂ ಬಕೆಟ್ಟಿನ ಹತ್ರ ಯಾರೂ ನಿಲ್ಲಬಾರದು. ಮತ್ತ ಯಾಕ ಒಡೀತು ಅಂತ ಕೇಳ್ರಿ. ಬಕೆಟ್ ಮ್ಯಾಲೆ ಹೋದಾಗ ಪೈಪು ಗಿಡ್ಡ ಆಗಿ ಜಗ್ಗತಿದ್ರ ಹೊಸಾದೂ ಹದಿನೈದು ದಿನಕ್ಕ ಒಡೀತೈತಿ.

ಇಷ್ಟಕ್ಕ ಒಂದು ಹೊತ್ತು ಬೇಕು. ‘ಒಂದು ಹೊತ್ತು ಕೆಡತೈತಿ’ ಅಂತ ಗೊಣಗವ್ರು ಕಟ್ಟಿ ಮ್ಯಾಲೆ ಎಲಿ-ಅಡಿಕಿ ಹಾಕ್ಕೋತ ಎಷ್ಟು ಹೊತ್ತು ಕೆಡಸ್ತಾರ ಅಂತ ನಮಗೆಲ್ಲಾ ಗೊತ್ತೈತಿ.

ನಾ ಅಂತೂ ಎರಡು ಓ-ರಿಂಗ್ ಹೆಚ್ಚಿಗಿ ತರಿಸಿ ಕುಕ್ಕರ್ ಗ್ಯಾಸ್ಕೆಟ್ಟಿನ ಡಬ್ಬಿಯೊಳಗ ಇಟ್ಟೇನಿ. ಬೇಕಾದವ್ರು ಬರ್ರಿ, ಆದ್ರ ನಿಮ್ಮ ಹಳೇದು ತಂದು ಅಳತಿ ಕೂಡಿಸಿ ನೋಡಿನ ಒಯ್ರಿ.